ಮನೆಗೆ ಲಿಫ್ಟ್: ಬೆಲೆ ತೀರ್ಮಾನವಾಗುವುದು ಗುಂಡಿ, ಗೋಡೆ, ಬಾಗಿಲಿನಲ್ಲಿ

ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ, ಜೆ.ಪಿ. ನಗರದಂಥ ಬಡಾವಣೆಗಳಲ್ಲಿ ಮೂವತ್ತು ನಲವತ್ತು ವರ್ಷದ ಹಿಂದೆ ಮನೆ ಕಟ್ಟಿದವರಿಗೆ ಈಗ ಎಪ್ಪತ್ತರ ಆಸುಪಾಸು. ಕೆಳಗಿನ ಮನೆಯನ್ನು ಬಾಡಿಗೆಗೆ ಕೊಟ್ಟು ಮಹಡಿಯಲ್ಲಿ ಉಳಿದವರೇ ಹೆಚ್ಚು. ಆಗ ಲೆಕ್ಕಕ್ಕೇ ಇಲ್ಲದ ಇಪ್ಪತ್ತು ಮೆಟ್ಟಿಲು ಈಗ ದಿನದ ದೊಡ್ಡ ಕೆಲಸವಾಗಿದೆ. ಇನ್ನೊಂದು ಕಡೆ ಬೋಗಾದಿ, ದಟ್ಟಗಳ್ಳಿ, ಮಂಡ್ಯದ ವಿದ್ಯಾನಗರ, ಸುಭಾಷ್‌ನಗರದ 20×30, 30×40 ಸೈಟುಗಳಲ್ಲಿ ಮನೆಗಳು ಮೂರು ಅಂತಸ್ತು ಏಳುತ್ತಿವೆ. ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇರುತ್ತಾರೆ, ಅಪ್ಪ ಅಮ್ಮ ಇಲ್ಲಿ ಇಬ್ಬರೇ. ಹಿಂದೆ ದೊಡ್ಡವರ ಬಂಗಲೆಗೆ ಮಾತ್ರ ಎನ್ನುತ್ತಿದ್ದ ಲಿಫ್ಟ್ ಹೀಗಾಗಿ ಪಿಂಚಣಿದಾರರ ಮನೆಯ ಮಾತಾಗಿದೆ.

ಮಾತು ಶುರುವಾಗುವುದು ಮಾತ್ರ ತಪ್ಪು ತುದಿಯಿಂದ. ಮೂರು ಕಂಪನಿಯ ಕೊಟೇಶನ್ ತರಿಸಿ ಕೊನೆಯ ಸಾಲಿನ ಮೊತ್ತ ಹೋಲಿಸುತ್ತಾರೆ. ಆ ಮೊತ್ತ ಹದಿನೈದು ವರ್ಷದ ಒಟ್ಟು ಖರ್ಚಿನ ಅರ್ಧ ಮಾತ್ರ. ಉಳಿದರ್ಧವನ್ನು ತೀರ್ಮಾನಿಸುವುದು ಯಾರು ಬಳಸುತ್ತಾರೆ, ಲಿಫ್ಟಿನಡಿ ಗುಂಡಿ ಎಷ್ಟು ತೋಡಬಹುದು, ಗೋಡೆ ಯಾವುದು, ಬಾಗಿಲು ಎಂಥದ್ದು, ರಿಪೇರಿಗೆ ಯಾರು ಬರುತ್ತಾರೆ ಎಂಬ ಸಂಗತಿಗಳು. ಇವಿಷ್ಟು ಗಟ್ಟಿಯಾದ ಮೇಲೆ ಯಾವ ಯಂತ್ರ ಎಂಬ ಪ್ರಶ್ನೆ ಬಹುಪಾಲು ತಾನೇ ಬಗೆಹರಿಯುತ್ತದೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಕೆಳಗಿನ ಮನೆ ಬಾಡಿಗೆಗೆ ಇದ್ದರೆ, ಬಾಡಿಗೆದಾರರನ್ನು ಮಹಡಿಗೆ ಕಳಿಸಿ ತಾವು ಕೆಳಗೆ ಬರುವುದು ಎಲ್ಲಕ್ಕಿಂತ ಅಗ್ಗದ ದಾರಿ. ಬಚ್ಚಲಿಗೆ ಹಿಡಿಕೆ, ಜಾರದ ಟೈಲ್ಸ್, ವೆಸ್ಟರ್ನ್ ಕಮೋಡ್ ಹಾಕಿಸಿದರೂ ಲಿಫ್ಟ್ ವೆಚ್ಚದ ಕಾಲು ಭಾಗ ದಾಟುವುದಿಲ್ಲ. ಇದು ಸಾಧ್ಯವೇ ಎಂದು ಮನೆಯವರೆಲ್ಲ ಕೂತು ಒಮ್ಮೆ ಮಾತಾಡಿಕೊಳ್ಳುವುದು ಒಳ್ಳೆಯದು. ಸಾಧ್ಯವಿಲ್ಲ ಎಂದಾದರೆ ಮುಂದೆ ಓದಿ.

ಗಾಲಿಕುರ್ಚಿ ಹೋಗುತ್ತದೆಯೇ?

ನಮ್ಮಲ್ಲಿ ಲಿಫ್ಟ್ ಮಾರುವುದು ಜನರ ಲೆಕ್ಕದಲ್ಲಿ. ತಲೆಗೆ 68 ಕೆ.ಜಿ. ಹಿಡಿದು ಮೂರು ಜನಕ್ಕೆ 204, ನಾಲ್ಕಕ್ಕೆ 272, ಆರಕ್ಕೆ 408 ಕೆ.ಜಿ. ಎನ್ನುತ್ತಾರೆ. ಮನೆಗೆ ಸಾಮಾನ್ಯವಾಗಿ ತಗೊಳ್ಳುವುದು ನಾಲ್ಕು ಜನರದ್ದು. ಇದರ ಪೆಟ್ಟಿಗೆಯ ಒಳ ಅಳತೆ ಎಷ್ಟೋ ಕಡೆ 1100 ಮಿ.ಮೀ. ಅಗಲ, 700 ಮಿ.ಮೀ. ಆಳ. ಗಾಲಿಕುರ್ಚಿಯ ಉದ್ದವೇ, ಕಾಲಿಡುವ ಹಲಗೆ ಸೇರಿ, 1100ರಿಂದ 1200 ಮಿ.ಮೀ. ಇರುತ್ತದೆ. ಅಂದರೆ ಮುಂದೊಂದು ದಿನ ಬೇಕಾಗುತ್ತದೆ ಎಂದೇ ಹಾಕಿಸಿದ ಲಿಫ್ಟಿಗೆ ಆ ದಿನ ಬಂದಾಗ ಗಾಲಿಕುರ್ಚಿ ಹಿಡಿಯುವುದಿಲ್ಲ.

ಈ ವ್ಯವಹಾರದಲ್ಲಿ ಆಗುವ ಅತಿ ದುಬಾರಿ ತಪ್ಪು ಇದು, ಯಾಕೆಂದರೆ ಗೋಡೆ ಎದ್ದ ಮೇಲೆ ತಿದ್ದಲಾಗುವುದಿಲ್ಲ. ಗಾಲಿಕುರ್ಚಿ ಮಾತ್ರ ಹಿಡಿಯಬೇಕಾದರೆ ಒಳಗೆ 1000×1250 ಮಿ.ಮೀ. ಬೇಕು. ತಳ್ಳುವವರೂ ಜೊತೆಗೆ ನಿಲ್ಲಬೇಕಾದರೆ 1100×1400. ಬಾಗಿಲ ತೆರವು ಕನಿಷ್ಠ 800 ಮಿ.ಮೀ. ಇರಲಿ. ಜನರ ಸಂಖ್ಯೆ ಮರೆತು ಈ ಮೂರು ಅಳತೆಯನ್ನೇ ಕಂಪನಿಯವರಿಗೆ ಕೊಡಿ.

ಇನ್ನೊಂದು ಸಂಗತಿ ನಕ್ಷೆಯಲ್ಲಿ ಕಾಣುವುದೇ ಇಲ್ಲ. ನಮ್ಮ ಮನೆಗಳ ಪ್ಲಿಂತ್, ಅಂದರೆ ಪಾಯದ ಮೇಲಿನ ನೆಲಮಟ್ಟ, ರಸ್ತೆಗಿಂತ ಎರಡು ಅಡಿಯಾದರೂ ಮೇಲಿರುತ್ತದೆ. ಲಿಫ್ಟ್ ಹಾಲ್‌ನಿಂದ ಶುರುವಾದರೆ ಪೋರ್ಟಿಕೋದ ಮೂರು ನಾಲ್ಕು ಮೆಟ್ಟಿಲು ಹಾಗೇ ಉಳಿಯುತ್ತವೆ. ಅವನ್ನು ಇಳಿಜಾರು ಮಾಡೋಣವೆಂದರೆ ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ ಎರಡು ಅಡಿ ಎತ್ತರಕ್ಕೆ 24 ಅಡಿ ಉದ್ದ ಬೇಕು. 30×40 ಸೈಟಿನ ಮುಂಭಾಗದಲ್ಲಿ ಅಷ್ಟು ಜಾಗ ಎಲ್ಲಿದೆ? ಲಿಫ್ಟನ್ನು ಪೋರ್ಟಿಕೋ ಮಟ್ಟದಿಂದಲೇ ಆರಂಭಿಸಿ, ಒಂದು ಬದಿಯ ಬಾಗಿಲಿಂದ ಹೊರಗಿನವರು ಹತ್ತಿ, ಎದುರು ಬದಿಯ ಬಾಗಿಲಿಂದ ಹಾಲ್‌ಗೆ ಇಳಿಯುವಂತೆ ಮಾಡಬಹುದು. ಎರಡು ಅಡಿ ಅಂತರದಲ್ಲಿ ಎರಡು ನಿಲುಗಡೆ ಕೊಡುವುದು ಎಣ್ಣೆಯ ಒತ್ತಡದಲ್ಲಿ ಏರುವ ಹೈಡ್ರಾಲಿಕ್ ಮತ್ತು ತಿರುಪಿನ ಮೇಲೆ ಏರುವ ಸ್ಕ್ರೂ ಮಾದರಿಗಳಿಗೆ ಸುಲಭ, ಹಗ್ಗದ ಲಿಫ್ಟಿಗೆ ಕಷ್ಟ. ಒಂದು ಬಾಗಿಲಿನ ಖರ್ಚು ಹೆಚ್ಚಾಗುತ್ತದೆ, ನಿಜ. ಆದರೂ ಕೊಡತಕ್ಕ ಖರ್ಚು.

ಟೆರೇಸಿಗೂ ಲಿಫ್ಟ್ ಬೇಕೆಂಬ ಆಸೆಯನ್ನು ಬಿಡುವುದು ವಾಸಿ. ಪ್ರತಿ ನಿಲುಗಡೆಗೂ ಬಾಗಿಲು, ಲಾಕ್, ಬಟನ್ ಸೇರಿ ಮುಕ್ಕಾಲು ಲಕ್ಷದಿಂದ ಒಂದು ಲಕ್ಷ ಏರುತ್ತದೆ. ಟೆರೇಸಿನ ಮೇಲೆ ಇನ್ನೊಂದು ಕೋಣೆಯಷ್ಟು ಎತ್ತರ ಶಾಫ್ಟ್, ಅಂದರೆ ಲಿಫ್ಟ್ ಓಡುವ ಗೋಡೆಯ ಗೂಡು, ಕಟ್ಟಬೇಕು. ಮಳೆ ನೀರು ಹೊಸ್ತಿಲಲ್ಲಿ ಇಳಿದು ಬಾಗಿಲ ಸ್ವಿಚ್ಚಿಗೆ ತಗುಲಿದರೆ ಇಡೀ ಲಿಫ್ಟ್ ನಿಲ್ಲುತ್ತದೆ.

ಗುಂಡಿ ಮತ್ತು ಗೋಡೆ

ಹಗ್ಗ ಮತ್ತು ಪ್ರತಿತೂಕದ ಮಾಮೂಲಿ ಲಿಫ್ಟಿಗೆ ನಾಲ್ಕೈದು ಅಡಿ ಆಳದ ಗುಂಡಿ ಬೇಕು. ಮನೆಗೆಂದೇ ಮಾಡಿದ, ಮೆಷಿನ್ ರೂಮ್ ಇಲ್ಲದ ಮಾದರಿಗಳಲ್ಲಿ ಒಂದರಿಂದ ಎರಡು ಅಡಿಗೆ ಇಳಿಸಿದ್ದಾರೆ. ಹೈಡ್ರಾಲಿಕ್‌ಗೆ ಅರ್ಧದಿಂದ ಒಂದು ಅಡಿ ಸಾಕು. ಸ್ಕ್ರೂ ಪ್ಲಾಟ್‌ಫಾರ್ಮಿಗೆ ಎರಡು ಇಂಚು, ಗಾಳಿಯ ಒತ್ತಡದಲ್ಲಿ ಓಡುವ ವ್ಯಾಕ್ಯೂಮ್ ಕೊಳವೆಗೆ ಗುಂಡಿಯೇ ಬೇಡ. ಮೇಲಿನ ಕೊನೆಯ ಮಹಡಿಯ ನೆಲದಿಂದ ಶಾಫ್ಟಿನ ಮೋಲ್ಡಿನ ತನಕ ಇರಬೇಕಾದ ಎತ್ತರದಲ್ಲೂ ಇದೇ ವ್ಯತ್ಯಾಸ. ಹಗ್ಗದ ಲಿಫ್ಟಿಗೆ ಹತ್ತು ಹನ್ನೆರಡು ಅಡಿ ಬೇಕಾದರೆ ಸ್ಕ್ರೂ ಮಾದರಿಗೆ ಎಂಟು ಅಡಿ ನಡೆಯುತ್ತದೆ. ನಮ್ಮ ಮನೆಗಳ ಮಹಡಿ ಎತ್ತರ ಹತ್ತಡಿ. ಮೋಲ್ಡು ಕಳೆದು ಒಳಗೆ ಸಿಗುವುದು ಒಂಬತ್ತೂವರೆ. ಹಾಗಾಗಿ ಹಗ್ಗದ ಲಿಫ್ಟ್ ಎಂದರೆ ತಾರಸಿ ಒಡೆದು ಶಾಫ್ಟ್ ಮೇಲೆ ಎಬ್ಬಿಸಲೇಬೇಕು.

ಮಂಡ್ಯದಲ್ಲಿ ಗುಂಡಿಯ ಪ್ರಶ್ನೆಗೆ ಇನ್ನೊಂದು ಮುಖವಿದೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆಬಯಲಿನ ಅಂಚಿನಲ್ಲಿ ಎದ್ದ ಮನೆಗಳಲ್ಲಿ, ನಾಲೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ಅಂತರ್ಜಲ ಮೇಲೇಳುತ್ತದೆ. ಬೇಸಿಗೆಯಲ್ಲಿ ತೋಡಿದಾಗ ಒಣಗಿದ್ದ ಗುಂಡಿಯಲ್ಲಿ ಭತ್ತದ ನಾಟಿ ಹೊತ್ತಿಗೆ ನೀರು ನಿಂತಿರುತ್ತದೆ. ಗುಂಡಿಯ ತಳದಲ್ಲಿ ಬಫರ್ ಸ್ಪ್ರಿಂಗ್, ಪೆಟ್ಟಿಗೆಯ ವೇಗ ಮಿತಿ ಮೀರಿದರೆ ಬ್ರೇಕ್ ಹಿಡಿಸುವ ವೇಗ ನಿಯಂತ್ರಕದ ಹಗ್ಗ ಬಿಗಿ ಹಿಡಿಯುವ ರಾಟೆ, ಸುರಕ್ಷಾ ಸ್ವಿಚ್ಚುಗಳು ಇರುತ್ತವೆ. ಸ್ವಿಚ್ಚಿಗೆ ನೀರು ತಗುಲಿದರೆ ಲಿಫ್ಟ್ ನಿಲ್ಲುತ್ತದೆ. ಅದು ಒಂದು ದಿನದ ತೊಂದರೆ. ರಾಟೆ ತುಕ್ಕು ಹಿಡಿದು ಬಿಗಿದುಕೊಂಡರೆ ಆಪತ್ತಿನಲ್ಲಿ ಬ್ರೇಕ್ ಹಿಡಿಯುವ ವ್ಯವಸ್ಥೆಯೇ ಕೈಕೊಡಬಹುದು. ಅದು ಪ್ರಾಣದ ಪ್ರಶ್ನೆ.

ಇಟ್ಟಿಗೆ ಕಟ್ಟಿ ಒಳಗೆ ವಾಟರ್‌ಪ್ರೂಫ್ ಪೌಡರ್ ಬೆರೆಸಿದ ಸಿಮೆಂಟ್ ಬಳಿಯುವುದನ್ನೇ ಮೇಸ್ತ್ರಿಗಳು ಸಾಮಾನ್ಯವಾಗಿ ಮಾಡುತ್ತಾರೆ. ಹೊರಗಿನಿಂದ ಒತ್ತುವ ನೀರು ಆ ಗಾರೆಯನ್ನು ಒಂದೆರಡು ವರ್ಷದಲ್ಲಿ ಸಿಪ್ಪೆ ಸಿಪ್ಪೆಯಾಗಿ ಎಬ್ಬಿಸುತ್ತದೆ. ತಳ ಮತ್ತು ನಾಲ್ಕು ಗೋಡೆ ಸೇರಿ ಆರು ಇಂಚು ದಪ್ಪದ ಆರ್‌ಸಿಸಿ ಪೆಟ್ಟಿಗೆಯಾಗಿಯೇ ಹಾಕಬೇಕು. ತಳ ಮತ್ತು ಗೋಡೆ ಕೂಡುವ ಜಾಗದಲ್ಲಿ ಪಿವಿಸಿ ವಾಟರ್‌ಸ್ಟಾಪ್ ಪಟ್ಟಿ ಕೂರಿಸಬೇಕು. ಒಂದು ಮೂಲೆಯಲ್ಲಿ ಒಂದಡಿ ಚದರದ ಸಣ್ಣ ಹಳ್ಳ ಬಿಟ್ಟರೆ ಸೋರಿದ ನೀರನ್ನು ಪಂಪಿನಿಂದ ಎತ್ತಬಹುದು. ಪಕ್ಕದ ಬಾವಿಯಲ್ಲಿ, ಇಲ್ಲವೇ ಅಕ್ಕಪಕ್ಕದವರು ಸಂಪು ತೋಡಿದಾಗ ಎಷ್ಟು ಅಡಿಗೆ ನೀರು ಬಂತೆಂದು ಕೇಳಿ ನೋಡಿ. ಉತ್ತರ ಐದಾರು ಅಡಿಯೊಳಗೆ ಇದ್ದರೆ ಗುಂಡಿ ಬೇಡದ ಮಾದರಿಗೆ ಹೆಚ್ಚು ಹಣ ಕೊಡುವುದೇ ಲಾಭ.

ಮೈಸೂರಿನ ಹಳೆಯ ಮನೆಗಳಲ್ಲಿ ಅಡ್ಡಿ ಬೇರೆ. ಹೊರಗಡೆಯಿಂದ ಶಾಫ್ಟ್ ಎಬ್ಬಿಸಲು ಎಲ್ಲರ ಕಣ್ಣು ಬೀಳುವುದು ಪೋರ್ಟಿಕೋ ಪಕ್ಕದ ಜಾಗದ ಮೇಲೆ. ಕುಡಿಯುವ ನೀರಿನ ಸಂಪು ಇರುವುದೂ ಬಹುತೇಕ ಅಲ್ಲೇ. ಸಂಪಿನ ಗೋಡೆಗೆ ಅಂಟಿಕೊಂಡಂತೆ ಗುಂಡಿ ತೋಡಿದರೆ ಆ ಗೋಡೆಯ ಬೆನ್ನಿಗಿದ್ದ ಮಣ್ಣಿನ ಆಸರೆ ಹೋಗುತ್ತದೆ, ಬಿರುಕು ಬಿಟ್ಟು ನೀರು ಗುಂಡಿಗೆ ಇಳಿಯುತ್ತದೆ. ಮನೆಯ ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಜಾಗದಲ್ಲಿ ಶಾಫ್ಟ್ ಕಟ್ಟುವುದಕ್ಕೆ ನಕ್ಷೆ ಮಂಜೂರಾತಿಯ ಪ್ರಶ್ನೆಯೂ ಇದೆ. ಪಾಲಿಕೆಯಲ್ಲಿ ವಿಚಾರಿಸದೆ ಪಾಯ ತೆಗೆಯಬೇಡಿ.

ಮನೆಯೊಳಗೇ ಮೋಲ್ಡು ಕೊಯ್ದು ಜಾಗ ಮಾಡುವುದಾದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಕೈ ಹಚ್ಚಕೂಡದು. ಐದಡಿ ಚದರ ಕೊಯ್ದಾಗ ಒಂದು ದಿಕ್ಕಿನ ಮುಖ್ಯ ಸರಳುಗಳೆಲ್ಲ ತುಂಡಾಗುತ್ತವೆ. ಅವು ಹೊರುತ್ತಿದ್ದ ಭಾರ ಉಳಿದ ಮೋಲ್ಡಿನ ಮೇಲೆ ಬೀಳುತ್ತದೆ. ತೆರವಿನ ನಾಲ್ಕು ಸುತ್ತ ಸ್ಟೀಲ್ ಇಲ್ಲವೇ ಆರ್‌ಸಿಸಿ ತೊಲೆ ಕೊಟ್ಟು, ಕೆಳಗೆ ಜಾಕ್ ನಿಲ್ಲಿಸಿಕೊಂಡ ಮೇಲೆಯೇ ಕೊಯ್ಯಬೇಕು. ಗೋಡೆಯೇ ಭಾರ ಹೊರುವ, ಪಿಲ್ಲರ್ ಇಲ್ಲದ ಹಳೆಯ ಮನೆಗಳಲ್ಲಿ ಈ ಸಾಹಸಕ್ಕಿಂತ, ತನ್ನ ಭಾರವನ್ನು ತಾನೇ ನೆಲಕ್ಕೆ ಇಳಿಸುವ ಸ್ಟೀಲ್ ಚೌಕಟ್ಟಿನ ಶಾಫ್ಟನ್ನು ಹೊರಗೆ ನಿಲ್ಲಿಸಿ, ಕಿಟಕಿ ಇದ್ದ ಜಾಗವನ್ನು ಬಾಗಿಲು ಮಾಡಿಕೊಳ್ಳುವುದು ಕ್ಷೇಮ.

ಹೊಸ ಶಾಫ್ಟ್ ಗೋಡೆಯಲ್ಲಿ ತಪ್ಪು ನಡೆಯುವುದು ಬೋಲ್ಟಿನ ಜಾಗದಲ್ಲಿ. ಪೆಟ್ಟಿಗೆ ಓಡುವ ಹಳಿಗಳನ್ನು ಗೋಡೆಗೆ ಹಿಡಿಸುವ ಬ್ರಾಕೆಟ್‌ಗಳು ಐದಾರು ಅಡಿಗೊಂದರಂತೆ ಬರುತ್ತವೆ. ಹಾಲೋ ಬ್ಲಾಕ್ ಗೋಡೆಗೆ ಹೊಡೆದ ಆಂಕರ್ ಬೋಲ್ಟ್ ತೆಳುವಾದ ಸಿಪ್ಪೆಯನ್ನಷ್ಟೇ ಕಚ್ಚಿಕೊಂಡಿರುತ್ತದೆ. ಲಿಫ್ಟ್ ಓಡಿ ಓಡಿ ಅದರುವಿಕೆಗೆ ತೂತು ಸಡಿಲವಾಗುತ್ತದೆ, ಹಳಿ ಕೂದಲೆಳೆಯಷ್ಟು ಸರಿಯುತ್ತದೆ, ಪೆಟ್ಟಿಗೆ ಕುಲುಕಲು ಶುರು. ಬ್ರಾಕೆಟ್ ಬರುವ ಮಟ್ಟದಲ್ಲೆಲ್ಲ ಒಂಬತ್ತು ಇಂಚಿನ ಆರ್‌ಸಿಸಿ ಬೆಲ್ಟ್ ಹಾಕಿಸಿದರೆ ಈ ರಗಳೆಯೇ ಇಲ್ಲ. ಬೆಲ್ಟ್ ಎಲ್ಲಿ ಬರಬೇಕೆಂಬ ನಕ್ಷೆಯನ್ನು ಕಂಪನಿಯಿಂದ ಗೋಡೆ ಏಳುವ ಮೊದಲೇ ತಗೊಳ್ಳಬೇಕು. ಶಾಫ್ಟಿನ ತಲೆಯ ಮೋಲ್ಡಿನಲ್ಲಿ ಭಾರ ಎತ್ತುವ ಕೊಂಡಿ, ಪ್ರತಿ ಮಹಡಿಯಲ್ಲಿ ಟೈಲ್ಸ್ ಮುಗಿದ ಮೇಲಿನ ನೆಲಮಟ್ಟದ ಗುರುತು, ಇವೆರಡನ್ನೂ ಮರೆಯಬೇಡಿ. ಗ್ರಾನೈಟ್ ಹಾಸುವ ಮೊದಲು ಲಿಫ್ಟಿನ ಹೊಸ್ತಿಲು ಕೂರಿಸಿಬಿಟ್ಟರೆ ಕೊನೆಗೆ ಒಂದಿಂಚಿನ ಎಡವುಗಲ್ಲು ಉಳಿದುಕೊಳ್ಳುತ್ತದೆ.

ಈಗ ಮನೆ ಕಟ್ಟುತ್ತಿರುವವರಿಗೆ ಲಿಫ್ಟ್ ತಕ್ಷಣ ಬೇಡದಿದ್ದರೂ ಜಾಗ ಬಿಡಿ. ಪ್ರತಿ ಮಹಡಿಯಲ್ಲಿ ಐದಡಿಗೆ ಆರಡಿ, ಸುತ್ತ ತೊಲೆ, ಕೆಳಗೆ ಆರ್‌ಸಿಸಿ ಗುಂಡಿಗೆ ಮರಳು ತುಂಬಿ ಟೈಲ್ಸ್, ಮೇಲೆ ತೆಗೆಯಬಹುದಾದ ಸ್ಲ್ಯಾಬು. ಅಲ್ಲಿಯವರೆಗೆ ಸ್ಟೋರ್ ರೂಮಿನಂತೆ ಬಳಸಿಕೊಳ್ಳಬಹುದು. ಮುಂದೆ ಒಡೆದು ಮಾಡುವ ಕೆಲಸದ ಮುಂದೆ ಈಗಿನ ಖರ್ಚು ಏನೇನೂ ಅಲ್ಲ.

ಯಾವ ಯಂತ್ರ?

ಹಗ್ಗ, ಪ್ರತಿತೂಕವಿರುವ ಗೇರ್‌ಲೆಸ್ ಲಿಫ್ಟಿನಲ್ಲಿ ಪೆಟ್ಟಿಗೆಯ ತೂಕಕ್ಕೂ ಅರ್ಧ ಹೇರಿಗೂ ಸಮನಾದ ಭಾರ ಇನ್ನೊಂದು ಕಡೆ ನೇತಾಡುತ್ತದೆ. ಮೋಟರಿಗೆ ಉಳಿಯುವುದು ವ್ಯತ್ಯಾಸದ ಕೆಲಸ ಮಾತ್ರ. ಹೈಡ್ರಾಲಿಕ್‌ನಲ್ಲಿ ಪ್ರತಿತೂಕ ಇಲ್ಲದ್ದರಿಂದ ಎಣ್ಣೆ ಪಂಪು ಪೂರ್ತಿ ಭಾರ ಎತ್ತಬೇಕು. ಇಳಿಯುವಾಗ ವಾಲ್ವ್ ತೆರೆದರೆ ಸಾಕು, ತನ್ನ ಭಾರಕ್ಕೆ ತಾನೇ ಇಳಿಯುತ್ತದೆ.

ಇದರಿಂದ ಕರೆಂಟ್ ಬಿಲ್ ಏರುತ್ತದೆಯೇ? ಲೆಕ್ಕ ಹಾಕಿ ನೋಡೋಣ. 300 ಕೆ.ಜಿ. ಪೆಟ್ಟಿಗೆ, 272 ಕೆ.ಜಿ. ಹೇರು, ಎರಡು ಮಹಡಿ ಅಂದರೆ 6 ಮೀಟರ್. ಅರ್ಧ ಶಕ್ತಿ ಶಾಖವಾಗಿ ಹೋಯಿತೆಂದು ಹಿಡಿದರೂ ಒಂದು ಏರಿಕೆಗೆ ಬೇಕಾಗುವುದು ಒಂದು ಯೂನಿಟ್ಟಿನ ಐವತ್ತರಲ್ಲಿ ಒಂದು ಪಾಲು. ದಿನಕ್ಕೆ ಇಪ್ಪತ್ತು ಸಲ ತುಂಬಿಕೊಂಡು ಹತ್ತಿದರೂ ಅರ್ಧ ಯೂನಿಟ್ ಮುಟ್ಟುವುದಿಲ್ಲ. ಅದೇ ಲಿಫ್ಟನ್ನು ನಡೆಸುವ ಎಲೆಕ್ಟ್ರಾನಿಕ್ ಕಂಟ್ರೋಲರ್, ದೀಪ, ಫ್ಯಾನ್ ಸುಮ್ಮನೆ ಚಾಲೂ ಇದ್ದು 50 ವ್ಯಾಟ್ ಎಳೆಯುತ್ತಿದ್ದರೆ ದಿನಕ್ಕೆ 1.2 ಯೂನಿಟ್. ಲಿಫ್ಟ್ ಓಡಿದ್ದಕ್ಕಿಂತ ನಿಂತಿದ್ದಕ್ಕೇ ಹೆಚ್ಚು. ಕೇಳಬೇಕಾದ್ದು ಮೋಟರ್ ಎಷ್ಟು ಎಚ್‌ಪಿ ಎಂದಲ್ಲ, ಯಾರೂ ಬಳಸದಿದ್ದಾಗ ದೀಪ, ಫ್ಯಾನ್ ತಾವಾಗಿ ಆರುತ್ತವೆಯೇ ಎಂದು. ಮನೆಗೆ ಸಿಂಗಲ್ ಫೇಸ್ ಸಂಪರ್ಕವಿದ್ದರೆ ಸಿಂಗಲ್ ಫೇಸಿನಲ್ಲಿ ಓಡುವ ಮಾದರಿಯನ್ನೇ ಆರಿಸಬಹುದು, ಇಲ್ಲವಾದರೆ ವಿದ್ಯುತ್ ಕಂಪನಿ ಚೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಳ್ಳುವ ಅರ್ಜಿ, ಠೇವಣಿ, ಮೀಟರ್ ಬದಲಾವಣೆಯ ಖರ್ಚನ್ನೂ ಸೇರಿಸಿಕೊಳ್ಳಿ.

ವೇಗಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಸೆಕೆಂಡಿಗೆ 0.15 ಮೀಟರ್ ಹೋಗುವ ನಿಧಾನದ ಪ್ಲಾಟ್‌ಫಾರ್ಮ್ ಒಂದು ಮಹಡಿ ಏರಲು ಇಪ್ಪತ್ತು ಸೆಕೆಂಡು ತಗೊಳ್ಳುತ್ತದೆ. ವಯಸ್ಸಾದವರಿಗೆ ಅದೇ ಹಿತ. ಎರಡು ಮಹಡಿಯ ಮೇಲಕ್ಕೆ, ಅಂದರೆ ನಾಲ್ಕನೇ ನಿಲುಗಡೆ ಬಂದಾಗ ಮಾತ್ರ ಹಗ್ಗದ ಲಿಫ್ಟಿನ ವೇಗಕ್ಕೆ ಅರ್ಥವಿದೆ.

ಕಾಡುವ ದೋಷ ಒಂದೊಂದಕ್ಕೂ ಬೇರೆ. ಹೈಡ್ರಾಲಿಕ್‌ನಲ್ಲಿ ರಾತ್ರಿ ಎಣ್ಣೆ ತಣ್ಣಗಾಗಿ ಕುಗ್ಗುತ್ತದೆ, ಸೀಲ್ ಹಳೆಯದಾದರೆ ಎಣ್ಣೆ ಸಣ್ಣಗೆ ಜಿನುಗುತ್ತದೆ. ಬೆಳಿಗ್ಗೆ ಬಾಗಿಲು ತೆರೆದರೆ ಪೆಟ್ಟಿಗೆ ನೆಲಕ್ಕಿಂತ ಅರ್ಧ ಇಂಚು ಕೆಳಗೆ ನಿಂತಿರುತ್ತದೆ. ನಮಗೆ ನಿಮಗೆ ಅದು ಲೆಕ್ಕಕ್ಕಿಲ್ಲ, ಕಾಲೆಳೆದು ನಡೆಯುವವರಿಗೆ ಅದೇ ಎಡವಿ ಬೀಳುವ ಅಂಚು. ತಾನೇ ಮಟ್ಟ ಸರಿಪಡಿಸಿಕೊಳ್ಳುವ ರೀ-ಲೆವೆಲಿಂಗ್ ಇದೆಯೇ ಎಂದು ಕೇಳಿ. ಪೈಪ್ ಒಡೆದರೆ ಎಣ್ಣೆಯನ್ನು ತಡೆದು ನಿಲ್ಲಿಸುವ ರಪ್ಚರ್ ವಾಲ್ವ್ ಸಿಲಿಂಡರಿಗೇ ಅಂಟಿಕೊಂಡಿರಬೇಕು. ಕರೆಂಟು ಪದೇ ಪದೇ ಹೋಗುವ ಕಡೆ ಹೈಡ್ರಾಲಿಕ್‌ಗೆ ಒಂದು ಅನುಕೂಲವಿದೆ. ಸಣ್ಣ ಬ್ಯಾಟರಿ ವಾಲ್ವ್ ತೆರೆದರೆ ಸಾಕು, ಪೆಟ್ಟಿಗೆ ಕೆಳಗಿಳಿಯುತ್ತದೆ.

ಸ್ಕ್ರೂ ಮಾದರಿಯಲ್ಲಿ ಉದ್ದನೆಯ ತಿರುಪಿನ ಮೇಲೆ ನಟ್ ತಿರುಗುತ್ತ ಏರುತ್ತದೆ. ಹಗ್ಗವಿಲ್ಲ, ಎಣ್ಣೆ ಟ್ಯಾಂಕಿಲ್ಲ, ಗುಂಡಿ ಎರಡೇ ಇಂಚು, ಶಾಫ್ಟ್ ಸಮೇತ ಬರುತ್ತದೆ. ನಟ್ ಸವೆದರೆ ಅದರಡಿಯ ಸುರಕ್ಷಾ ನಟ್ ಭಾರ ಹಿಡಿದುಕೊಳ್ಳುತ್ತದೆ. ಬಹುಪಾಲು ಆಮದು ಸರಕು, ಬೆಲೆ ಹೆಚ್ಚು. ಇದರಲ್ಲಿ ಯಾರೂ ಹೇಳದ ಒಂದು ತೊಡಕಿದೆ: ಒಳಬಾಗಿಲು ಇಲ್ಲದ ಪ್ಲಾಟ್‌ಫಾರ್ಮ್ ಮಾದರಿಗಳಲ್ಲಿ ತಲುಪುವವರೆಗೂ ಬಟನ್ ಒತ್ತಿ ಹಿಡಿದಿರಬೇಕು, ಬಿಟ್ಟರೆ ನಿಲ್ಲುತ್ತದೆ. ಎರಡು ಮಹಡಿಗೆ ನಲವತ್ತು ಸೆಕೆಂಡು. ಬೆರಳಿನ ಸಂಧಿವಾತ ಇರುವವರಿಗೆ, ಕೈ ನಡುಗುವವರಿಗೆ ಇದು ಆಗದ ಮಾತು. ಶೋರೂಮಿಗೆ ಹೋಗುವಾಗ ಬಳಸುವವರನ್ನೇ ಕರೆದೊಯ್ದು ಒತ್ತಿ ಹಿಡಿಯಲು ಹೇಳಿ.

ವ್ಯಾಕ್ಯೂಮ್ ಕೊಳವೆ ನೋಡಲು ಚೆಂದ, ಕೂರಿಸುವುದು ಸುಲಭ. ಆದರೆ ಚಿಕ್ಕ ಕೊಳವೆಯ ವ್ಯಾಸ 750 ಮಿ.ಮೀ., ಒಬ್ಬರು ನಿಲ್ಲಬಹುದಷ್ಟೆ. ಏರುವಾಗ ಟರ್ಬೈನ್ ಸದ್ದು ಜೋರು. ಕೊಟ್ಟ ಹಣಕ್ಕೆ ಸಿಗುವ ಜಾಗ ಅತಿ ಕಡಿಮೆ. ಮೆಟ್ಟಿಲ ಪಕ್ಕ ಹಳಿಯ ಮೇಲೆ ಓಡುವ ಕುರ್ಚಿಯಾದ ಸ್ಟೇರ್‌ಲಿಫ್ಟ್ ನೇರ ಮೆಟ್ಟಿಲಿಗೆ ಎಲ್ಲಕ್ಕಿಂತ ಅಗ್ಗ. ನಮ್ಮ ಮನೆಗಳಲ್ಲಿ ಮೆಟ್ಟಿಲು ನಡುವೆ ತಿರುಗುವುದರಿಂದ ಬಾಗಿದ ಹಳಿಯನ್ನು ಅಳತೆ ಕೊಟ್ಟು ಮಾಡಿಸಬೇಕು, ಆಗ ಅಗ್ಗದ ಮಾತು ಅಲ್ಲಿಗೆ ಮುಗಿಯುತ್ತದೆ. ತೀರಾ ಕಿರಿದಾದ ಮೆಟ್ಟಿಲಿಗೆ ಅದನ್ನು ಯೋಚಿಸಲೇಬಾರದು.

ಸರಕು ಎತ್ತುವ ಹಾಯಿಸ್ಟ್ ಮೋಟರಿಗೆ ಒಂದು ಪೆಟ್ಟಿಗೆ ಬೆಸೆದು, ಚಾನೆಲ್ ಗೇಟ್ ಹಾಕಿ ಎರಡು ಮೂರು ಲಕ್ಷಕ್ಕೆ ಲಿಫ್ಟ್ ಎಂದು ಕೊಡುವುದೂ ನಡೆಯುತ್ತಿದೆ. ಇದರಲ್ಲಿ ಜನರನ್ನು ಕೂರಿಸಕೂಡದು. ಒಂದೇ ಹಗ್ಗ, ವೇಗ ನಿಯಂತ್ರಕ ಇಲ್ಲ, ಹಗ್ಗ ತುಂಡಾದರೆ ಹಳಿಯನ್ನು ಕಚ್ಚಿ ನಿಲ್ಲಿಸುವ ಸೇಫ್ಟಿ ಗೇರ್ ಇಲ್ಲ. ಉಳಿಯುವ ಹಣಕ್ಕೂ ಎದುರಾಗುವ ಅಪಾಯಕ್ಕೂ ಹೋಲಿಕೆಯೇ ಇಲ್ಲ.

ಬಾಗಿಲುಗಳ ನಡುವಿನ ನಾಲ್ಕು ಇಂಚು

ಬೆಲೆ ಇಳಿಸಲು ಮೊದಲು ಕತ್ತರಿ ಬೀಳುವುದು ಬಾಗಿಲಿಗೆ. ಆಟೊಮ್ಯಾಟಿಕ್ ಬದಲು ಕೈಯಿಂದ ಎಳೆಯುವ ಬಾಗಿಲು ಹಾಕಿದರೆ ನಿಲುಗಡೆಗೆ ಹತ್ತಾರು ಸಾವಿರ ಉಳಿಯುತ್ತದೆ. ಅಡ್ಡಪಟ್ಟಿಯ ಚಾನೆಲ್ ಗೇಟ್ ಅಂತೂ ಬೇಡವೇ ಬೇಡ. ಸಂದಿಯಲ್ಲಿ ಮಗುವಿನ ಕೈ, ಸೀರೆ ಸೆರಗು, ದುಪಟ್ಟಾ ಸಿಕ್ಕಿಕೊಳ್ಳುತ್ತವೆ.

ಕಬ್ಬಿಣದ ಹಲಗೆಯ ಸ್ವಿಂಗ್ ಬಾಗಿಲು ಸರಿಯೇ? ಅದರಲ್ಲೂ ಒಂದು ಅಪಾಯ ಅಡಗಿದೆ. ಹೊರಬಾಗಿಲಿಗೂ ಪೆಟ್ಟಿಗೆಯ ಒಳಬಾಗಿಲಿಗೂ ನಡುವೆ ಜಾಗ ಉಳಿದರೆ ಸಣ್ಣ ಮಗು ಅದರಲ್ಲಿ ನಿಲ್ಲಬಲ್ಲದು. ಹೊರಬಾಗಿಲು ಮುಚ್ಚಿಕೊಳ್ಳುತ್ತದೆ, ಲಾಕ್ ಬೀಳುತ್ತದೆ. ಬೇರೆ ಮಹಡಿಯಲ್ಲಿ ಯಾರೋ ಬಟನ್ ಒತ್ತುತ್ತಾರೆ, ಪೆಟ್ಟಿಗೆ ಚಲಿಸುತ್ತದೆ. ಅಮೆರಿಕದಲ್ಲಿ ಮನೆ ಲಿಫ್ಟುಗಳಲ್ಲಿ ಹೀಗೆ ಮಕ್ಕಳು ಸತ್ತಿದ್ದಾರೆ. ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಇದರ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಕೊಟ್ಟಿದೆ. ನಾಲ್ಕು ಇಂಚು ವ್ಯಾಸದ ಚೆಂಡು ಆ ಸಂದಿಯಲ್ಲಿ ಹಿಡಿಯಕೂಡದು ಎಂಬುದು ಅಲ್ಲಿಯ ಅಳತೆ. ನಿಮ್ಮ ಕೊಟೇಶನ್ ಜೊತೆ ಬಂದ ನಕ್ಷೆಯಲ್ಲಿ ಈ ಅಂತರ ಎಷ್ಟೆಂದು ಬರೆಸಿಕೊಳ್ಳಿ. ಈಗಾಗಲೇ ಲಿಫ್ಟ್ ಇದ್ದವರು ಟೇಪ್ ಹಿಡಿದು ಇವತ್ತೇ ಅಳೆಯಿರಿ. ಹೆಚ್ಚಿದ್ದರೆ ಹೊರಬಾಗಿಲ ಒಳಮೈಗೆ ತುಂಬು ಹಲಗೆ ಹಾಕಿಸಬಹುದು, ದೊಡ್ಡ ಖರ್ಚಿಲ್ಲ. ಮೊಮ್ಮಕ್ಕಳು ರಜೆಗೆ ಬರುವ ಮನೆ ಎಂದರೆ ಮಕ್ಕಳಿರುವ ಮನೆಯೇ.

ಹಣ ಹೊಂದಿದರೆ, ಪೂರ್ತಿ ಎತ್ತರಕ್ಕೂ ಅಡ್ಡ ಬಂದದ್ದನ್ನು ಗುರುತಿಸುವ ಲೈಟ್ ಕರ್ಟನ್ ಇರುವ ಆಟೊಮ್ಯಾಟಿಕ್ ಬಾಗಿಲೇ ಸರಿ. ಲಿಫ್ಟಿನ ದೂರುಗಳಲ್ಲಿ ಬಾಗಿಲಿನದೇ ಸಿಂಹಪಾಲು. ಹೊಸ್ತಿಲಿನ ಸಂದಿಯಲ್ಲಿ ಸಿಕ್ಕ ಒಂದು ಕಲ್ಲುಪುಡಿ ಲಿಫ್ಟ್ ನಿಲ್ಲಿಸುತ್ತದೆ. ವಾರಕ್ಕೊಮ್ಮೆ ಹಳೆಯ ಬ್ರಷ್ಷಿನಿಂದ ಆ ಸಂದಿ ಗುಡಿಸಿದರೆ ವರ್ಷಕ್ಕೆ ಎರಡು ಮೂರು ದೂರು ತಪ್ಪುತ್ತದೆ.

ಹದಿನೈದು ವರ್ಷದ ಲೆಕ್ಕ

ಉದಾಹರಣೆಗೆ ಮೂರು ನಿಲುಗಡೆಯ, ದೇಶದಲ್ಲೇ ಜೋಡಿಸಿದ ಗೇರ್‌ಲೆಸ್ ಲಿಫ್ಟಿಗೆ 8 ಲಕ್ಷ ಎಂದು ಹೇಳಿದ್ದಾರೆ ಎನ್ನಿ. ಶೇ. 18 ಜಿಎಸ್‌ಟಿ 1.44 ಲಕ್ಷ. ಶಾಫ್ಟ್, ಗುಂಡಿ, ವೈರಿಂಗ್, ಅರ್ಥಿಂಗ್ 2 ಲಕ್ಷ. ಮೊದಲ ವರ್ಷ ವಾರಂಟಿ ಕಳೆದು, ವರ್ಷಕ್ಕೆ 25,000 ರೂಪಾಯಿ ನಿರ್ವಹಣಾ ಒಪ್ಪಂದ ತೆರಿಗೆ ಸೇರಿ 29,500. ದರ ಏರದಿದ್ದರೂ ಹದಿನಾಲ್ಕು ವರ್ಷಕ್ಕೆ 4.13 ಲಕ್ಷ. ನಡುವೆ ಒಮ್ಮೆ ಹಗ್ಗ, ಮೂರ್ನಾಲ್ಕು ವರ್ಷಕ್ಕೊಮ್ಮೆ ಬ್ಯಾಟರಿ, ಒಂದೆರಡು ಬೋರ್ಡು ಎಂದು ಒಂದು ಲಕ್ಷ ಇಟ್ಟುಕೊಳ್ಳಿ. ಒಟ್ಟು ಹದಿನಾರೂವರೆ ಲಕ್ಷ. ಕೊಟೇಶನ್‌ನಲ್ಲಿ 50 ಸಾವಿರ ಚೌಕಾಸಿ ಮಾಡುವುದಕ್ಕಿಂತ ನಿರ್ವಹಣಾ ದರವನ್ನು ಐದು ವರ್ಷಕ್ಕೆ ಮೊದಲೇ ಬರೆಸಿಕೊಳ್ಳುವುದರಲ್ಲಿ ಹೆಚ್ಚು ಹಣ ಉಳಿಯಬಹುದು. ಲಿಫ್ಟ್ ಕೂತ ಮೇಲೆ ನಿಮ್ಮ ಮಾತಿಗೆ ತೂಕ ಕಡಿಮೆ.

ಹತ್ತಿರದಲ್ಲಿ ನೋಡಬೇಕಾದ್ದು ಕಂಟ್ರೋಲರ್. ಕೆಲವು ಕಂಪನಿಗಳ ಕಂಟ್ರೋಲರ್ ಅವರ ಪಾಸ್‌ವರ್ಡ್, ಅವರ ಉಪಕರಣವಿಲ್ಲದೆ ತೆರೆಯುವುದಿಲ್ಲ. ಒಪ್ಪಂದ ಬಿಟ್ಟರೆ ಬೇರೆ ಮೆಕ್ಯಾನಿಕ್ ಮುಟ್ಟುವಂತಿಲ್ಲ. ಮಾರುಕಟ್ಟೆಯಲ್ಲಿ ಬಿಡಿಯಾಗಿ ಸಿಗುವ ಕಂಟ್ರೋಲರ್, ಡ್ರೈವ್, ಬಾಗಿಲ ಮೋಟರ್ ಹಾಕಿದ ಲಿಫ್ಟನ್ನು ಯಾವ ಅನುಭವಿ ಮೆಕ್ಯಾನಿಕ್ಕೂ ರಿಪೇರಿ ಮಾಡಬಲ್ಲ. ಕೈಗೆಟುಕುವ ಲಿಫ್ಟ್ ಎಂದರೆ ಇದು ಎಂಬುದು ನಮ್ಮ ಅಭಿಪ್ರಾಯ, ದೊಡ್ಡ ಹೆಸರು ಇರಲಿ ಬಿಡಲಿ. ಜೊತೆಗೆ ಆ ಮೆಕ್ಯಾನಿಕ್ ಎಲ್ಲಿಂದ ಬರುತ್ತಾನೆ ಎಂಬುದೂ ಮುಖ್ಯ. ಬೆಂಗಳೂರಿನಿಂದ ಮೈಸೂರಿಗೆ ಬರಲು ಮೂರು ತಾಸು. ಒಳಗೆ ಸಿಕ್ಕಿಕೊಂಡವರಿಗೆ ಅದು ಬಹಳ ದೀರ್ಘ. ಮೈಸೂರಿನಲ್ಲಿ ಸರ್ವಿಸ್ ಹುಡುಗರಿದ್ದರೆ ಮಂಡ್ಯಕ್ಕೆ ತಾಸಿನೊಳಗೆ ತಲುಪುತ್ತಾರೆ. ನಿಮ್ಮ ಊರಲ್ಲಿ ಆ ಕಂಪನಿ ಮೂರು ವರ್ಷದ ಹಿಂದೆ ಕೂರಿಸಿದ ಎರಡು ಮನೆಯ ವಿಳಾಸ ಕೇಳಿ, ಹೋಗಿ, ಕಳೆದ ಸಲ ಕೆಟ್ಟಾಗ ಎಷ್ಟು ಹೊತ್ತಿಗೆ ಬಂದರು ಎಂದು ವಿಚಾರಿಸಿ. ಹೊಸದಾಗಿ ಕೂರಿಸಿದ ಮನೆ ತೋರಿಸಿದರೆ ಪ್ರಯೋಜನವಿಲ್ಲ.

ಕಡಿಮೆ ಬೆಲೆಯ ಕೊಟೇಶನ್‌ನಲ್ಲಿ ಬಿಟ್ಟುಹೋಗಿರುವ ಬಾಬ್ತುಗಳು ಸಾಮಾನ್ಯವಾಗಿ ಇವೇ: ಸಾರುವೆ, ಸರಕು ಇಳಿಸುವ ಕೂಲಿ, ಬಾಗಿಲ ಸುತ್ತಿನ ಗ್ರಾನೈಟ್, ಮೀಟರ್ ಬೋರ್ಡಿನಿಂದ ಬರುವ ಕೇಬಲ್, ಕರೆಂಟು ಹೋದಾಗ ಹತ್ತಿರದ ಮಹಡಿಗೆ ಒಯ್ಯುವ ಎಆರ್‌ಡಿ, ಪರವಾನಗಿ ಖರ್ಚು. ಎಆರ್‌ಡಿಯನ್ನು ಐಚ್ಛಿಕ ಎಂದು ಬರೆದಿದ್ದರೆ ಆ ಪದ ಹೊಡೆಸಿ. ಇಬ್ಬರೇ ವೃದ್ಧರಿರುವ ಮನೆಯಲ್ಲಿ ಅದು ಐಚ್ಛಿಕವಲ್ಲ. ಸ್ಟೀಲ್ ಪೆಟ್ಟಿಗೆಯೊಳಗೆ ಮೊಬೈಲ್ ಸಿಗ್ನಲ್ ಸಿಗದಿರಬಹುದು, ಹಾಗಾಗಿ ಹೊರಗೆ ಕೇಳಿಸುವ ಅಲಾರಂ ಮತ್ತು ತಂತಿಯ ಇಂಟರ್‌ಕಾಂ ಇರಲೇಬೇಕು.

ಪರವಾನಗಿ, ಪರೀಕ್ಷೆ, ಕೊನೆಯ ಕಂತು

ಕರ್ನಾಟಕದಲ್ಲಿ 2012ರ ಲಿಫ್ಟ್, ಎಸ್ಕಲೇಟರ್ ಮತ್ತು ಪ್ಯಾಸೆಂಜರ್ ಕನ್ವೇಯರ್ ಕಾಯ್ದೆ ಇದೆ. ವಿದ್ಯುತ್ ಪರಿವೀಕ್ಷಣಾಲಯದಿಂದ ಕೂರಿಸುವ ಮೊದಲು ಅನುಮತಿ, ಕೂರಿಸಿದ ಮೇಲೆ ಪರಿಶೀಲನೆ ಮತ್ತು ಪರವಾನಗಿ ಪಡೆಯಬೇಕು. ಮನೆ ಲಿಫ್ಟಿಗೆ ಇದೆಲ್ಲ ಬೇಡ ಎಂದು ಮಾರುವವರು ಹೇಳಿದರೆ, ಹಾಗೆಂದು ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಲು ಕೇಳಿ, ಪರಿವೀಕ್ಷಕರ ಕಚೇರಿಯಲ್ಲೂ ನೇರವಾಗಿ ವಿಚಾರಿಸಿ. ಅವಘಡವಾದಾಗ ಹೊಣೆ ಮನೆ ಮಾಲೀಕರ ತಲೆಗೆ ಬರುತ್ತದೆ. ಮನೆ ಲಿಫ್ಟಿಗೆಂದೇ 2002ರಲ್ಲಿ ಭಾರತೀಯ ಮಾನಕ ಐಎಸ್ 15259 ಬಂತು. ಲಿಫ್ಟ್ ಯಾವ ಮಾನಕಕ್ಕೆ ಅನುಗುಣ ಎಂಬುದು ಕೊಟೇಶನ್‌ನಲ್ಲೇ ಇರಬೇಕು. ಆಮದು ಪ್ಲಾಟ್‌ಫಾರ್ಮುಗಳಾದರೆ ಯುರೋಪಿನ ಇಎನ್ 81-41 ಎಂದು ಬರೆದಿರುತ್ತಾರೆ.

ಒಪ್ಪಿಸುವ ದಿನ 25 ಕೆ.ಜಿ.ಯ ಅಕ್ಕಿ ಚೀಲಗಳು ಒಳ್ಳೆಯ ಪರೀಕ್ಷಕರು. ನಾಲ್ಕು ಜನರ ಲಿಫ್ಟಿನಲ್ಲಿ 10 ಚೀಲ ಇಟ್ಟು ಒಬ್ಬರನ್ನೂ ಕೂರಿಸದೆ ಮೇಲೆ ಕೆಳಗೆ ಓಡಿಸಿ, ಪ್ರತಿ ಮಹಡಿಯಲ್ಲೂ ಹೊಸ್ತಿಲ ಮಟ್ಟ ಅಳೆಯಿರಿ. 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಒಪ್ಪಬೇಡಿ. 14 ಚೀಲ ಇಟ್ಟರೆ ಬಝರ್ ಕೂಗಬೇಕು, ಲಿಫ್ಟ್ ಹೊರಡಕೂಡದು. ನಡು ದಾರಿಯಲ್ಲಿ ಮೇನ್ ಸ್ವಿಚ್ ಆರಿಸಿ, ಒಮ್ಮೆ ಖಾಲಿ ಇದ್ದಾಗ, ಒಮ್ಮೆ ಭಾರವಿದ್ದಾಗ. ಎರಡೂ ಸಲ ಪೆಟ್ಟಿಗೆ ಮಹಡಿ ಸೇರಿ ಬಾಗಿಲು ತೆರೆಯಬೇಕು. ಖಾಲಿ ಪೆಟ್ಟಿಗೆಯಲ್ಲಿ ಮಾತ್ರ ಎಆರ್‌ಡಿ ತೋರಿಸಿ ಹೋಗುವುದು ಮಾಮೂಲು. ಭಾರವಿದ್ದಾಗಲೂ ಅದು ಕೆಲಸ ಮಾಡುತ್ತದೆಯೇ ಎಂದು ನೋಡಿಯೇ ಒಪ್ಪಿಕೊಳ್ಳಿ. ಸೇಫ್ಟಿ ಗೇರ್ ಹಳಿ ಕಚ್ಚುವುದನ್ನು ತಂತ್ರಜ್ಞರೇ ಮಾಡಿ ತೋರಿಸಬೇಕು, ಹಳಿಯ ಮೇಲೆ ಕಚ್ಚಿದ ಗುರುತು ಕಾಣಬೇಕು.

ಒಪ್ಪಂದದಲ್ಲಿ ಕಂತುಗಳನ್ನು ಹೀಗೆ ಹಂಚಿ: ಬುಕ್ಕಿಂಗಿಗೆ ಶೇ. 10ರಿಂದ 20, ಸರಕು ಮನೆಗೆ ಬಂದು ಪಟ್ಟಿಯೊಂದಿಗೆ ತಾಳೆಯಾದ ಮೇಲೆ ದೊಡ್ಡ ಪಾಲು, ಲಿಫ್ಟ್ ಓಡಿದ ಮೇಲೆ ಇನ್ನಷ್ಟು. ಕೊನೆಯ ಶೇ. 10 ಕೈಯಲ್ಲೇ ಇರಲಿ. ವಾರಂಟಿ ಸರಕು ಹೊರಟ ದಿನದಿಂದ ಎಣಿಸದೆ ಲಿಫ್ಟ್ ಒಪ್ಪಿಸಿದ ದಿನದಿಂದ ಶುರುವೆಂದು ಬರೆದಿರಬೇಕು. ಪರವಾನಗಿ ಪತ್ರ, ವೈರಿಂಗ್ ನಕ್ಷೆ, ಕಂಟ್ರೋಲರ್ ಪಾಸ್‌ವರ್ಡ್, ಸೇಫ್ಟಿ ಗೇರ್ ಮತ್ತು ಹಗ್ಗದ ಪ್ರಮಾಣಪತ್ರ, ಹೊರಬಾಗಿಲು ತೆರೆಯುವ ತುರ್ತು ಕೀಲಿ, ಕೈಯಿಂದ ಪೆಟ್ಟಿಗೆ ಇಳಿಸುವುದನ್ನು ಮನೆಯ ಇಬ್ಬರಿಗೆ ಕಲಿಸಿದ್ದು, ಇವೆಲ್ಲ ಆದ ಮೇಲೆ ಆ ಕಂತು ಕೊಡಿ.